ಊರು ಕಳೆದುಕೊಂಡವರ ಹಬ್ಬ



ಆಗಸ್ಟ್ 15 ನಮಗೆ ಇಮ್ಮಡಿ ಸಂಭ್ರಮ: ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರ ಹಬ್ಬ, ನಾಡಿನ ಸ್ವಾತಂತ್ರ್ಯೋತ್ಸವ. ಇದೇ ದಿನವನ್ನು ತಮ್ಮ ರಾಷ್ಟ್ರೀಯ ಹಬ್ಬವಾಗಿ ಆಚರಿಸುವ ಮತ್ತೊಂದು ಜನಾಂಗ ಕೆನಡಾದ ಪೂರ್ವ ಕರಾವಳಿಯಲ್ಲಿದೆ. ಅವರೇ ಅಕೇಡಿಯನ್ನರು. ಅವರಿಗೆ ಸ್ವಂತ ದೇಶವಿಲ್ಲ; ಆದರೂ ಅವರೊಂದು ಜನಾಂಗ. ಅದು ಹೇಗಾಯಿತು?

1604ರಲ್ಲಿ ಅಲ್ಲಿಗೆ ಬಂದ ಫ್ರೆಂಚರಲ್ಲಿ ಅರ್ಧಕ್ಕೆ ಸಮೀಪ ಮಂದಿ ಮೊದಲ ಚಳಿಗಾಲದಲ್ಲೇ ಸತ್ತರು. ಉಳಿದವರು 1605ರಲ್ಲಿ ಪೋರ್ಟ್ ರಾಯಲ್‌ನಲ್ಲಿ ನೆಲೆನಿಂತಾಗ ಮೂಲನಿವಾಸಿಗಳಾದ ಮಿಕ್ಮಾಕ್ ಜನ ಅವರ ಸ್ನೇಹಿತರಾದರು. ಆ ಜನರ ನಾಯಕ ಮೆಂಬರ್ತು 1610ರ ಜೂನ್ 24ರಂದು, ಸ್ನಾನಿಕ ಯೊವಾನ್ನರ ಹಬ್ಬದ ದಿನ, ಕುಟುಂಬಸಮೇತ ಜ್ಞಾನಸ್ನಾನ ಪಡೆದನು. ಮುಂದೆ ಎರಡೂ ಜನರ ನಡುವೆ ವ್ಯಾಪಾರ ಬೆಳೆಯಿತು, ಮದುವೆಗಳೂ ನಡೆದವು.

ಬಂದ ರೈತರು ಕಾಡು ಕಡಿಯಲಿಲ್ಲವೆಂದಲ್ಲ. ಆದರೆ ಅವರ ಮುಖ್ಯ ಬೇಸಾಯ ನಡೆದದ್ದು ಕಡಲಂಚಿನ ಉಪ್ಪು ಜೌಗಿನಲ್ಲಿ. ಮಣ್ಣಿನ ಒಡ್ಡು ಕಟ್ಟಿ, ಅದರಡಿ ಮರದ ತೂಬು ಇಟ್ಟರು. ಇಳಿತದಲ್ಲಿ ಮಳೆನೀರು ಹೊರಹೋಗುತ್ತಿತ್ತು. ಉಬ್ಬರ ಬಂದಾಗ ತೂಬಿನ ಬಾಗಿಲು ತಾನೇ ಮುಚ್ಚಿಕೊಳ್ಳುತ್ತಿತ್ತು. ಕೆಲವು ವರ್ಷಗಳಲ್ಲಿ ಉಪ್ಪು ತೊಳೆದು ನೆಲ ಗೋಧಿ ಕೊಡುತ್ತಿತ್ತು. ಒಡ್ಡನ್ನು ಒಬ್ಬನೇ ಕಟ್ಟಲಾಗದು, ಕಾಯಲೂ ಆಗದು. ಆ ಕೂಡುದುಡಿಮೆಯೇ ಅವರನ್ನು ಒಂದಾಗಿಸಿತು.

1713ರಲ್ಲಿ ನಾಡು ಬ್ರಿಟಿಷರ ಕೈಸೇರಿತು. ನಿಷ್ಠೆಯ ಪ್ರಮಾಣವನ್ನು ಷರತ್ತಿಲ್ಲದೆ ಸ್ವೀಕರಿಸಲು ಅವರು ಒಪ್ಪಲಿಲ್ಲ. 1755ರ ಸೆಪ್ಟೆಂಬರ್ 5ರಂದು ಗ್ರಾಂಪ್ರೇ ದೇವಾಲಯಕ್ಕೆ ಗಂಡಸರನ್ನು ಕರೆಸಿ, ಗಡಿಪಾರಿನ ಆಜ್ಞೆ ಓದಲಾಯಿತು. 1763ರ ವೇಳೆಗೆ ಸುಮಾರು ಹತ್ತು ಸಾವಿರ ಮಂದಿ ನಾಡು ಬಿಟ್ಟು ಹೋಗಬೇಕಾಯಿತು. ಹಡಗುಗಳಲ್ಲಿ, ಬಂದಿಳಿದ ಊರುಗಳಲ್ಲಿ ಎಷ್ಟೋ ಜನ ಸತ್ತರು.

ಕೆಲವರು ಲೂಸಿಯಾನ ಸೇರಿ 'ಕೇಜನ್' ಜನರಾದರು. ಅಲ್ಲಿನ 'ಗಂಬೋ' ಸಾರಿನ ಹೆಸರು ಆಫ್ರಿಕದ ಭಾಷೆಯಲ್ಲಿ ಬೆಂಡೆಕಾಯಿಗಿದ್ದ ಹೆಸರಿನಿಂದ ಬಂದದ್ದು. ಅದಕ್ಕೆ ಹಾಕುವ ಎಲೆಪುಡಿ ಮೂಲನಿವಾಸಿಗಳದು. ಆದರೆ ಆ ಆಫ್ರಿಕನ್ನರು ಸ್ವಂತ ಇಚ್ಛೆಯಿಂದ ಬಂದವರಲ್ಲ, ಗುಲಾಮರಾಗಿ ತರಲ್ಪಟ್ಟವರು. ರುಚಿಯ ಹಿಂದಿನ ಈ ಕಣ್ಣೀರನ್ನು ಮರೆಯಬಾರದು.

ಕೆನಡಾದಲ್ಲಿ ಉಳಿದವರೂ ಮರಳಿದವರೂ 1881ರಲ್ಲಿ ಮೆಮ್ರಮ್‌ಕುಕ್‌ನಲ್ಲಿ ಸಭೆ ಸೇರಿ ಸ್ವರ್ಗಸ್ವೀಕಾರ ಹಬ್ಬವನ್ನು ಆರಿಸಿಕೊಂಡರು. 1884ರಲ್ಲಿ ಫ್ರಾನ್ಸಿನ ತ್ರಿವರ್ಣಕ್ಕೆ ಸಮುದ್ರತಾರೆ ಮರಿಯಮ್ಮನವರ ಹಳದಿ ನಕ್ಷತ್ರ ಸೇರಿಸಿ ಬಾವುಟ ಮಾಡಿಕೊಂಡರು.

ಪ್ರಿಯರೇ, ನಮ್ಮ ಧರ್ಮಕೇಂದ್ರಗಳಲ್ಲೂ ಹಲವು ಊರಿನವರು, ಹಲವು ಮಾತಿನವರು ಇದ್ದೇವೆ. 'ಮೊದಲು ಬಂದವರು ಯಾರು' ಎಂದು ಜಗಳವಾಡುವುದು ಸುಲಭ. ಒಡ್ಡು ಕಟ್ಟಲು ಮಾತ್ರ ಎಲ್ಲರ ಕೈಯೂ ಬೇಕು.