ಬಾರದ ಎತ್ತುಗಳು, ಗುಂಡು ತುಂಬದ ಕೋವಿಗಳು

ವಿದ್ಯಾರ್ಥಿಗಳೇ, ನಿಮ್ಮ ಭೂಪಟದಲ್ಲಿ ಕಲ್ಕತ್ತೆಯನ್ನು ಹುಡುಕಿ. ಅದರ ಉತ್ತರಕ್ಕೆ, ಹೂಗ್ಲಿ ನದಿಯ ದಂಡೆಯ ಮೇಲೆ ಬ್ಯಾರಕ್‌ಪುರ ಎಂಬ ಊರಿದೆ. 1857ರ ಮಾರ್ಚ್ 29ರಂದು ಮಂಗಲ ಪಾಂಡೆ ಸಿಡಿದೆದ್ದ ಊರೆಂದು ನೀವು ಅದನ್ನು ಬಲ್ಲಿರಿ. ಅದಕ್ಕೂ 33 ವರ್ಷ ಮೊದಲು ಅದೇ ಊರಿನಲ್ಲಿ ನಡೆದ ಘಟನೆಯೊಂದು ಪಠ್ಯಪುಸ್ತಕಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ.

1824ರ ಮಾರ್ಚ್‌ನಲ್ಲಿ ಈಸ್ಟ್ ಇಂಡಿಯಾ ಕಂಪನಿ ಬರ್ಮಾದ ಮೇಲೆ ಯುದ್ಧ ಸಾರಿತು. ಮೇ ತಿಂಗಳಲ್ಲಿ ಚಿತ್ತಗಾಂಗಿನ ದಕ್ಷಿಣಕ್ಕಿರುವ ರಾಮುವಿನಲ್ಲಿ ಕಂಪನಿಯ ಪಡೆ ಸೋತಿತು. ಆ ಸುದ್ದಿ ಸಿಪಾಯಿಗಳಲ್ಲಿ ಅಳುಕು ಹುಟ್ಟಿಸಿತು. ಅಷ್ಟರಲ್ಲೇ, ಮಥುರೆಯಿಂದ ಸಾವಿರ ಕಿಲೋಮೀಟರಿಗೂ ಹೆಚ್ಚು ನಡೆದು ಬಂದಿದ್ದ 47ನೇ ಬಂಗಾಳ ದೇಶೀಯ ಪದಾತಿ ದಳಕ್ಕೆ ಚಿತ್ತಗಾಂಗಿಗೆ ಹೊರಡುವ ಆಜ್ಞೆಯಾಯಿತು. ಜೊತೆಗೆ 26 ಮತ್ತು 62ನೇ ದಳಗಳೂ ಹೊರಡಬೇಕಿತ್ತು.

ದಾರಿ ಸುಮಾರು 800 ಕಿಲೋಮೀಟರು. ದಿನಕ್ಕೆ 20 ಕಿಲೋಮೀಟರು ನಡೆದರೂ 40 ದಿನ ಬೇಕು ಎಂಬ ಲೆಕ್ಕ ನೀವೇ ಹಾಕಬಹುದು. ಹೆಗಲ ಮೇಲೆ ಕೋವಿ, ಬೆನ್ನ ಮೇಲೆ ಚೀಲ. ಇದರ ಮೇಲೆ ಹಾಸಿಗೆ ಮತ್ತು ಹಿತ್ತಾಳೆ ಪಾತ್ರೆ. ಮೇಲುಜಾತಿಯ ಸಿಪಾಯಿಗಳು ಒಬ್ಬರ ಪಾತ್ರೆಯಲ್ಲಿ ಇನ್ನೊಬ್ಬರು ಅಡುಗೆ ಮಾಡುತ್ತಿರಲಿಲ್ಲ. ಹಾಗಾಗಿ ಪ್ರತಿಯೊಬ್ಬನಿಗೂ ಅವನದೇ ಪಾತ್ರೆ ಬೇಕಿತ್ತು. ಈ ಹೊರೆಗೆ ಹೇರಿನ ಎತ್ತುಗಳನ್ನು ಸಿಪಾಯಿ ತನ್ನ ಸಂಬಳದಿಂದಲೇ ಗೊತ್ತುಮಾಡಿಕೊಳ್ಳಬೇಕು. ಆದರೆ ಎತ್ತುಗಳೆಲ್ಲಿ? ರಂಗೂನಿಗೆ ಹೋದ ದಂಡಿಗಾಗಿ ಸರ್ಕಾರ ಮೊದಲೇ ಅವನ್ನು ಕೊಂಡಿತ್ತು. ಉಳಿದವುಗಳ ಬೆಲೆ ಕೈಗೆ ಎಟುಕುವಂತಿರಲಿಲ್ಲ.

ಸಿಪಾಯಿಗಳು ಎತ್ತುಗಳನ್ನೂ ಇಮ್ಮಡಿ ಭತ್ಯವನ್ನೂ ಕೇಳಿದರು. ತಮ್ಮನ್ನು ಹಡಗು ಹತ್ತಿಸುತ್ತಾರೆಂಬ ಗಾಳಿಮಾತೂ ಹಬ್ಬಿತ್ತು. ಕಡಲು ದಾಟಿದರೆ ಜಾತಿ ಕೆಡುತ್ತದೆ ಎಂಬುದು ಅವರ ಭಯ. ಮೇಲಧಿಕಾರಿಗಳಿಂದ ಸಮಾಧಾನ ಸಿಗಲಿಲ್ಲ. ನವೆಂಬರ್ 1ರಂದು 47ನೇ ದಳ ಹೊರಡಲು ಒಪ್ಪಲಿಲ್ಲ. ಉಳಿದೆರಡು ದಳಗಳ ಕೆಲವರು ಅವರ ಜೊತೆ ಸೇರಿದರು. ಬಿಂದೀ ತಿವಾರಿ ಎಂಬ ಸಿಪಾಯಿ ಇವರ ಮುಂದಾಳು.

ಸೇನಾಧಿಪತಿ ಸರ್ ಎಡ್ವರ್ಡ್ ಪ್ಯಾಜೆಟ್ ಐರೋಪ್ಯ ಪಡೆಗಳನ್ನೂ ಫಿರಂಗಿಗಳನ್ನೂ ತರಿಸಿದರು. ನವೆಂಬರ್ 2ರ ಬೆಳಗ್ಗೆ, ಹೊರಡಿ ಇಲ್ಲವೇ ಆಯುಧ ಕೆಳಗಿಡಿ ಎಂಬ ಆಜ್ಞೆಯಾಯಿತು. ಸಿಪಾಯಿಗಳು ಕದಲಲಿಲ್ಲ. ಫಿರಂಗಿಗಳು ಹಾರಿದವು. ಸತ್ತವರು ಸುಮಾರು 180 ಎಂದು ಅಂದಾಜು. ಓಡಿದವರಲ್ಲಿ ಕೆಲವರು ಹೂಗ್ಲಿಯಲ್ಲಿ ಮುಳುಗಿದರು. ಆಮೇಲೆ ನೋಡಿದರೆ, ಸಿಪಾಯಿಗಳು ಬಿಟ್ಟುಹೋದ ಕೋವಿಗಳಲ್ಲಿ ಗುಂಡು ತುಂಬಿರಲೇ ಇಲ್ಲ!

ಬಿಂದೀ ತಿವಾರಿಯನ್ನೂ ಇತರ ಕೆಲವರನ್ನೂ ಗಲ್ಲಿಗೇರಿಸಲಾಯಿತು. ಹಲವರಿಗೆ ಸಂಕೋಲೆ ತೊಟ್ಟು ರಸ್ತೆ ಕೆಲಸ ಮಾಡುವ ಶಿಕ್ಷೆ. 47ನೇ ದಳದ ಹೆಸರನ್ನೇ ಸೇನೆಯ ಪಟ್ಟಿಯಿಂದ ಅಳಿಸಲಾಯಿತು. ಆದರೆ ತನಿಖೆ ನಡೆಸಿದ ಅಧಿಕಾರಿಗಳೇ, ನಡೆಯಲು ಬೇಕಾದ ಸಾಧನ ಕೊಡದೆ ನಡೆಯಿರಿ ಎಂದದ್ದರಿಂದ ಹುಟ್ಟಿದ ಹತಾಶೆ ಇದು ಎಂದು ಕಂಡುಕೊಂಡರು. ಬ್ಯಾರಕ್‌ಪುರದಲ್ಲಿ ಬಿಂದೀ ತಿವಾರಿಯ ನೆನಪಿಗೆ ಒಂದು ಗುಡಿಯಿದೆ.

ಬರ್ಮಾ ಯುದ್ಧ 1826ರಲ್ಲಿ ಮುಗಿಯಿತು. ಕಂಪನಿಯ ಕಡೆ ಸತ್ತವರು ಸುಮಾರು 15,000. ಅವರಲ್ಲಿ ಹೆಚ್ಚಿನವರು ಬಲಿಯಾದದ್ದು ರೋಗಕ್ಕೆ. ಹೊರಡಲು ಹಿಂಜರಿದವರ ಭಯ ಬರಿಯ ಭ್ರಮೆಯಾಗಿರಲಿಲ್ಲ.

ಆಜ್ಞೆಗೆ ತಲೆಬಾಗದ ಸೇನೆ ಸೇನೆಯಾಗಿ ಉಳಿಯದು, ನಿಜ. ಆದರೆ ಆಜ್ಞೆ ಕೊಡುವವನಿಗೂ ಒಂದು ಹೊಣೆಯಿದೆ. ಮುಂದೆ ಯಾವುದಾದರೂ ಪುಸ್ತಕದಲ್ಲಿ ‘ಸೈನಿಕರು ದಂಗೆ ಎದ್ದರು’ ಎಂಬ ಸಾಲು ಕಂಡರೆ ಅಲ್ಲಿಗೇ ನಿಲ್ಲಬೇಡಿ. ಅದಕ್ಕೆ ಮುಂಚಿನ ವಾರಗಳಲ್ಲಿ ಅವರು ಏನು ಕೇಳಿದ್ದರು, ಅವರಿಗೆ ಯಾರು ಏನು ಉತ್ತರ ಕೊಟ್ಟರು ಎಂಬುದನ್ನೂ ಹುಡುಕಿ ಓದಿ.