ಮೇಡ್ ಇನ್ ಜಪಾನ್

ಬ್ರಿಟನ್ನಿನ ರಾಕ್ ತಂಡ ಡೀಪ್ ಪರ್ಪಲ್ 1972ರ ಆಗಸ್ಟ್‌ನಲ್ಲಿ ಜಪಾನಿನಲ್ಲಿ ನಡೆಸಿಕೊಟ್ಟ ಮೂರು ಕಛೇರಿಗಳಿಂದ ಆಯ್ದು ರೂಪಿಸಿದ ಜೋಡಿ ಎಲ್‌ಪಿ ಆಲ್ಬಮ್. ಅದೇ ವರ್ಷದ ಡಿಸೆಂಬರ್‌ನಲ್ಲಿ ಪರ್ಪಲ್ ರೆಕಾರ್ಡ್ಸ್ ಇದನ್ನು ಬ್ರಿಟನ್ನಿನಲ್ಲಿ ಹೊರತಂದಿತು. ಇದರಲ್ಲಿರುವುದು ಏಳೇ ಹಾಡು, ಅವಧಿ ಮಾತ್ರ ಒಂದೂಕಾಲು ಗಂಟೆ. ರಾಕ್ ಸಂಗೀತದ ನೇರ ಆಲ್ಬಮ್‌ಗಳೆಂದರೆ ಥಟ್ಟನೆ ನೆನಪಾಗುವ ನಾಲ್ಕೈದರಲ್ಲಿ ಇದೂ ಒಂದು. ಆದರೆ ಇಂಥದೊಂದು ಆಲ್ಬಮ್ ಮಾಡಬೇಕೆಂಬ ಹಂಬಲ ತಂಡದವರಿಗೇ ಇರಲಿಲ್ಲ.

ಆ ಹೊತ್ತಿಗೆ ನೇರ ಧ್ವನಿಮುದ್ರಣ ಹೊಸದೇನಲ್ಲ. ದಿ ಹೂ ತಂಡದ ‘ಲೈವ್ ಅಟ್ ಲೀಡ್ಸ್’ 1970ರಲ್ಲಿ, ಆಲ್ಮನ್ ಬ್ರದರ್ಸ್ ಬ್ಯಾಂಡಿನ ‘ಅಟ್ ಫಿಲ್ಮೋರ್ ಈಸ್ಟ್’ 1971ರಲ್ಲಿ ಬಂದಿದ್ದವು. ಇನ್ನೊಂದು ಕಡೆ ಪ್ರೇಕ್ಷಕರ ನಡುವಿನಿಂದ ಕದ್ದು ಧ್ವನಿಮುದ್ರಿಸಿ ಮಾರುವ ಕಳ್ಳ ರೆಕಾರ್ಡುಗಳ ಹಾವಳಿಯೂ ಹೆಚ್ಚಿತ್ತು. ಡೀಪ್ ಪರ್ಪಲ್ 1970ರಲ್ಲಿ ಜರ್ಮನಿಯ ಆಖೆನ್ ಊರಿನಲ್ಲಿ ನಡೆಸಿದ ಕಛೇರಿಯೂ ‘ಎಚ್ ಬಾಂಬ್’ ಎಂಬ ಹೆಸರಿನಲ್ಲಿ ಹೀಗೆ ಬಿಕರಿಯಾಗಿತ್ತು. ತಂಡದವರಿಗೆ ಮಾತ್ರ ವೇದಿಕೆಯ ಮೇಲಿನ ಆ ಗಳಿಗೆಯ ಹುರುಪನ್ನು ರೆಕಾರ್ಡಿನಲ್ಲಿ ಹಿಡಿಯಲಾಗದು ಎಂಬ ಅನುಮಾನ.

ಒತ್ತಾಯ ಬಂದದ್ದು ವಾರ್ನರ್ ಕಂಪನಿಯ ಜಪಾನ್ ಶಾಖೆಯಿಂದ. ಆ ವರ್ಷ ಬಂದಿದ್ದ ‘ಮೆಷಿನ್ ಹೆಡ್’ ಆಲ್ಬಮ್‌ನಿಂದ ತಂಡದ ಹೆಸರು ಮೇಲಕ್ಕೇರಿತ್ತು. ಜಪಾನಿಗೆ ಅದರ ಮೊದಲ ಪ್ರವಾಸ ನಿಗದಿಯಾದಾಗ, ಅಲ್ಲಿನ ಅಭಿಮಾನಿಗಳಿಗಷ್ಟೇ ಮಾರಲು ಒಂದು ನೇರ ಆಲ್ಬಮ್ ಬೇಕೆಂದು ಕಂಪನಿ ಕೇಳಿತು. ಧ್ವನಿಮುದ್ರಣಕ್ಕೆ ತಮ್ಮ ಎಂಜಿನಿಯರ್ ಮಾರ್ಟಿನ್ ಬರ್ಚ್ ಅವರೇ ಇರಬೇಕು, ಬಿಡುಗಡೆಗೆ ತಮ್ಮ ಒಪ್ಪಿಗೆ ಬೇಕು ಎಂಬ ಷರತ್ತುಗಳೊಂದಿಗೆ ತಂಡ ಒಪ್ಪಿಕೊಂಡಿತು. ಎಂಟು ಟ್ರ್ಯಾಕಿನ ಯಂತ್ರ, ಕೈಬಿಗಿ ಖರ್ಚು. ಒಂದು ತಮಾಷೆಯೆಂದರೆ, ಮುಂದಿನ ಸ್ಟುಡಿಯೋ ಆಲ್ಬಮ್ಮಿಗಾಗಿ ‘ವುಮನ್ ಫ್ರಮ್ ಟೋಕಿಯೊ’ ಹಾಡನ್ನು ಅವರು ಅದಕ್ಕೆ ಮುಂಚೆ ಜುಲೈನಲ್ಲೇ ರೋಮ್‌ನಲ್ಲಿ ಧ್ವನಿಮುದ್ರಿಸಿಯಾಗಿತ್ತು. ಟೋಕಿಯೊ ನೋಡಿದ್ದು ಆಮೇಲೆ.

ಆಗಸ್ಟ್ 15 ಮತ್ತು 16ರಂದು ಒಸಾಕಾದಲ್ಲಿ, 17ರಂದು ಟೋಕಿಯೊದ ನಿಪ್ಪಾನ್ ಬುಡೋಕಾನ್‌ನಲ್ಲಿ ಕಛೇರಿಗಳು ನಡೆದವು. 1964ರ ಒಲಿಂಪಿಕ್ಸ್‌ನ ಜೂಡೋ ಸ್ಪರ್ಧೆಗೆಂದು ಕಟ್ಟಿದ ಬುಡೋಕಾನ್‌ನಲ್ಲಿ 1966ರಲ್ಲಿ ಬೀಟಲ್ಸ್ ಹಾಡಿದಾಗ, ಸಮರಕಲೆಗಳ ಮಂದಿರದಲ್ಲಿ ಪಾಪ್ ಸಂಗೀತವೇ ಎಂದು ಪ್ರತಿಭಟನೆ ಎದ್ದಿತ್ತು. ಗಾಯಕ ಇಯಾನ್ ಗಿಲನ್ ಅವರಿಗೆ ಮೂರರಲ್ಲಿ ಟೋಕಿಯೊ ಕಛೇರಿಯೇ ಹೆಚ್ಚು ಹಿಡಿಸಿತ್ತು. ಆದರೆ ಅಲ್ಲಿನ ಧ್ವನಿಮುದ್ರಣ ಅಷ್ಟು ಚೆನ್ನಾಗಿ ಬರಲಿಲ್ಲವಾದ್ದರಿಂದ ಆಲ್ಬಮ್‌ಗೆ ಅಲ್ಲಿಂದ ಸಂದದ್ದು ‘ದಿ ಮ್ಯೂಲ್’ ಮತ್ತು ‘ಲೇಜಿ’ ಎರಡೇ. ಉಳಿದ ಐದೂ ಒಸಾಕಾದವು.

ಏಳು ಹಾಡಿಗೆ ನಾಲ್ಕು ಮುಖಗಳೇ ಬೇಕಾದದ್ದು ಏಕೆಂಬುದು ಕೇಳಿದರೆ ತಿಳಿಯುತ್ತದೆ. ಸ್ಟುಡಿಯೋದಲ್ಲಿ ಐದು ನಿಮಿಷವೂ ಇಲ್ಲದ ‘ಸ್ಪೇಸ್ ಟ್ರಕಿನ್’ ಇಲ್ಲಿ ಇಪ್ಪತ್ತು ನಿಮಿಷದ ಹತ್ತಿರಕ್ಕೆ ಬೆಳೆದು ನಾಲ್ಕನೆಯ ಮುಖವನ್ನು ಇಡಿಯಾಗಿ ತುಂಬುತ್ತದೆ. ಜಾನ್ ಲಾರ್ಡ್ ತಮ್ಮ ಹ್ಯಾಮಂಡ್ ಆರ್ಗನ್ನನ್ನು ಗಿಟಾರಿಗೆ ಬಳಸುವ ಮಾರ್ಷಲ್ ಆಂಪ್ಲಿಫೈಯರ್ ಮೂಲಕ ನುಡಿಸುತ್ತಿದ್ದರು. ಹಾಗಾಗಿ ಆರ್ಗನ್ನಿನ ನಾದಕ್ಕೆ ಒಂದು ಗರಗಸದ ಮೊನಚು ಬಂದು, ರಿಚಿ ಬ್ಲ್ಯಾಕ್‌ಮೋರ್ ಅವರ ಗಿಟಾರಿಗೆ ಅದು ಸರಿಸಮನಾಗಿ ನಿಲ್ಲುತ್ತದೆ. ‘ಸ್ಟ್ರೇಂಜ್ ಕೈಂಡ್ ಆಫ್ ವುಮನ್’ನಲ್ಲಿ ಗಿಟಾರ್ ಎಸೆದ ಪ್ರತಿಯೊಂದು ಸ್ವರಪುಂಜವನ್ನೂ ಗಿಲನ್ ಗಂಟಲಿನಲ್ಲೇ ಹಿಡಿದು ಹಿಂತಿರುಗಿಸುತ್ತಾರೆ, ನಮ್ಮ ಹಿಂದೂಸ್ತಾನಿ ಕಛೇರಿಯ ಸವಾಲ್–ಜವಾಬ್ ಬಲ್ಲವರಿಗೆ ಈ ಆಟ ತಕ್ಷಣ ಅರ್ಥವಾದೀತು. ‘ದಿ ಮ್ಯೂಲ್’ ಬಹುಪಾಲು ಇಯಾನ್ ಪೇಸ್ ಅವರ ಡ್ರಮ್ಸಿಗೇ ಮೀಸಲು. ಇಷ್ಟೆಲ್ಲ ಸ್ವೈರವಿಹಾರ ದಾರಿ ತಪ್ಪದಂತೆ ಅಡಿಪಾಯ ಹಿಡಿದಿಟ್ಟವರು ಬಾಸ್ ನುಡಿಸುವ ರೋಜರ್ ಗ್ಲೋವರ್. ಎಲ್ಲಕ್ಕಿಂತ ಮಿಗಿಲಾದದ್ದು ಹನ್ನೆರಡು ನಿಮಿಷದ ‘ಚೈಲ್ಡ್ ಇನ್ ಟೈಮ್’. ಅದರಲ್ಲಿ ಗಿಲನ್ ಮುಟ್ಟುವ ತಾರಸ್ಥಾಯಿಯ ಕೂಗನ್ನು ಮುಂದಿನ ವರ್ಷಗಳಲ್ಲಿ ಅವರೇ ಮತ್ತೆ ಮುಟ್ಟಲು ಹೆಣಗಿದರು.

ಸ್ಟುಡಿಯೋದಲ್ಲಿ ಕುಳಿತು ಮರುನುಡಿಸಿದ್ದು, ತಿದ್ದಿದ್ದು ಇದರಲ್ಲಿ ಏನೂ ಇಲ್ಲ. ‘ನೇರ’ ಎಂಬ ಹಣೆಪಟ್ಟಿಯಡಿ ಅರ್ಧಕ್ಕರ್ಧ ಸ್ಟುಡಿಯೋದಲ್ಲೇ ಹೊಲಿದ ಆಲ್ಬಮ್‌ಗಳು ಆ ದಶಕದಲ್ಲಿ ಬೇಕಾದಷ್ಟು ಬಂದವು. ಅವುಗಳ ಪಕ್ಕದಲ್ಲಿ ಇದರ ಪ್ರಾಮಾಣಿಕತೆ ಎದ್ದು ಕಾಣುತ್ತದೆ, ಅದಕ್ಕೆ ತಂಡದ ಅಸಡ್ಡೆಯೂ ಒಂದು ಕಾರಣ ಎಂಬುದನ್ನು ಮರೆಯುವಂತಿಲ್ಲ. ಮಿಶ್ರಣದ ಕೆಲಸಕ್ಕೆ ಬಂದವರು ಐವರಲ್ಲಿ ಗ್ಲೋವರ್ ಮತ್ತು ಪೇಸ್ ಇಬ್ಬರೇ. ಹೊದಿಕೆಯ ಚಿತ್ರವೂ ಜಪಾನಿನದಲ್ಲ, ಲಂಡನ್ನಿನಲ್ಲಿ ತೆಗೆದದ್ದು. ಅದರಲ್ಲಿ ಕಾಣುವ ಪ್ರೇಕ್ಷಕರ ಗುಂಪಿನಲ್ಲಿ ಮುಂದೆ ಡೆಫ್ ಲೆಪರ್ಡ್ ತಂಡದ ಗಿಟಾರ್ ವಾದಕನಾದ ಫಿಲ್ ಕಾಲೆನ್ ಹುಡುಗನಾಗಿ ನಿಂತಿದ್ದಾರೆ.

ಬ್ರಿಟನ್ನಿನಲ್ಲಿ ಆಲ್ಬಮ್ 16ನೆಯ ಸ್ಥಾನಕ್ಕೆ ಏರಿತು. ಅಮೆರಿಕದಲ್ಲಿ 1973ರ ಏಪ್ರಿಲ್‌ವರೆಗೆ ತಡೆದು ಬಿಡುಗಡೆಯಾದರೂ 6ನೆಯ ಸ್ಥಾನ ಮುಟ್ಟಿತು. 1971ರ ಡಿಸೆಂಬರ್‌ನಲ್ಲಿ ಸ್ವಿಟ್ಜರ್ಲೆಂಡಿನ ಮೊಂಟ್ರೊ ಕ್ಯಾಸಿನೊ ಹೊತ್ತಿ ಉರಿದ ಘಟನೆಯಿಂದ ಹುಟ್ಟಿದ, ಈ ಆಲ್ಬಮ್‌ನಲ್ಲೂ ಇರುವ ‘ಸ್ಮೋಕ್ ಆನ್ ದ ವಾಟರ್’ 1973ರ ಬೇಸಿಗೆಯಲ್ಲಿ ಅಮೆರಿಕದಲ್ಲಿ 4ನೆಯ ಸ್ಥಾನಕ್ಕೇರಿತು. ಆ ಸಿಂಗಲ್ ರೆಕಾರ್ಡಿನ ಇನ್ನೊಂದು ಮುಖದಲ್ಲಿದ್ದದ್ದು ಅದೇ ಹಾಡಿನ ಜಪಾನ್ ರೂಪ. ಗೆಲುವು ತಂಡವನ್ನು ಒಟ್ಟಿಗೆ ಇಡಲಿಲ್ಲ. ಗಿಲನ್ ಮತ್ತು ಗ್ಲೋವರ್ 1973ರ ಜೂನ್ ಕೊನೆಯಲ್ಲಿ ಹೊರನಡೆದರು. ಅವರ ಬೀಳ್ಕೊಡುಗೆಯ ಕಛೇರಿ ನಡೆದದ್ದೂ ಒಸಾಕಾದಲ್ಲೇ. ಅದೇ ಐವರು ಮತ್ತೆ ಒಂದಾಗಲು 1984 ಬರಬೇಕಾಯಿತು.

ಜಪಾನಿನಲ್ಲಿ ನೇರ ಆಲ್ಬಮ್ ಮಾಡುವುದು ಆಮೇಲೆ ಪಶ್ಚಿಮದ ತಂಡಗಳಿಗೆ ರೂಢಿಯಾಯಿತು. ಚೀಪ್ ಟ್ರಿಕ್ ಮತ್ತು ಬಾಬ್ ಡಿಲನ್ 1978ರಲ್ಲಿ ಬುಡೋಕಾನ್‌ನಲ್ಲಿ ಧ್ವನಿಮುದ್ರಿಸಿದರು. ಐರನ್ ಮೇಡನ್ ತಂಡ 1981ರಲ್ಲಿ ತನ್ನ ಕಿರು ಆಲ್ಬಮ್‌ಗೆ ‘ಮೇಡನ್ ಜಪಾನ್’ ಎಂದೇ ಹೆಸರಿಟ್ಟಿತು.

ಮೂಲದಲ್ಲಿ ಬಿಟ್ಟುಹೋಗಿದ್ದ ಕೊನೆಯ ಹಾಡುಗಳು 1998ರ ಆವೃತ್ತಿಯಲ್ಲೂ, ಮೂರೂ ಕಛೇರಿಗಳು 2014ರ ಸಂಪುಟದಲ್ಲೂ ಸಿಗುತ್ತವೆ. ಆದರೆ ಮೊದಲ ಸಲ ಕೇಳುವವರು ಹಳೆಯ ಏಳು ಹಾಡುಗಳ ಕ್ರಮದಲ್ಲೇ ಕೇಳುವುದು ಒಳ್ಳೆಯದು.