ನಗರನಿರ್ಮಾಣ ಕ್ರೀಡೆಯ ಉಗಮ: ಎಡಿಟರ್ ಎಂಬ ಉಪಕರಣದ ಇತಿಹಾಸ

೧

ಗಣಕಯಂತ್ರದ ಮೇಲೆ ಆಡತಕ್ಕ ಆಟಗಳಲ್ಲಿ ಸ್ಥೂಲವಾಗಿ ಎರಡು ಬಗೆಗಳುಂಟು. ಒಂದರಲ್ಲಿ ಆಡುವವನು ಇತರರು ಕಟ್ಟಿಟ್ಟ ಲೋಕವನ್ನು ಹೊಕ್ಕು, ಅಲ್ಲಿಯ ಶತ್ರುವನ್ನು ಗೆದ್ದೋ ಅವನಿಂದ ಸೋತೋ ಹೊರಬರುತ್ತಾನೆ. ಇನ್ನೊಂದರಲ್ಲಿ ಲೋಕವನ್ನು ಕಟ್ಟುವುದೇ ಆಟವಾಗಿರುತ್ತದೆ. ಈ ಎರಡನೆಯ ಬಗೆಯಲ್ಲಿ ಅತ್ಯಂತ ಪ್ರಸಿದ್ಧವಾದುದು ೧೯೮೯ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಸಿಮ್‌ಸಿಟಿ ಎಂಬುದು. ಅದು ಒಂದು ಯುದ್ಧದ ಆಟವನ್ನು ರಚಿಸುತ್ತಿರುವಾಗ ಆಕಸ್ಮಿಕವಾಗಿ ಹುಟ್ಟಿತೆಂಬ ಮಾತು ರೂಢಿಯಲ್ಲಿದೆ. ಈ ಮಾತು ಎಷ್ಟರಮಟ್ಟಿಗೆ ಸಾಧುವೆಂಬುದನ್ನೂ, ಲೋಕವನ್ನು ಕಟ್ಟುವ ಉಪಕರಣಗಳ ಆಕರ್ಷಣೆ ಯಾವುದರಲ್ಲಿ ಅಡಗಿದೆಯೆಂಬುದನ್ನೂ ಇಲ್ಲಿ ವಿಚಾರಿಸಲಾಗಿದೆ.

ಆಟದ ನೆಲ, ನೀರು, ದಾರಿ, ಕಟ್ಟಡ ಮೊದಲಾದವುಗಳನ್ನು ತೆರೆಯ ಮೇಲೆ ಒಂದೊಂದಾಗಿ ಜೋಡಿಸಲು ನೆರವಾಗುವ ಸಾಧನಕ್ಕೆ ಎಡಿಟರ್ ಎಂದು ಹೆಸರು. ಮೊದಮೊದಲು ಇದು ಆಟವನ್ನು ರಚಿಸುವವನ ಕೈಯಲ್ಲಿ ಮಾತ್ರ ಇರುತ್ತಿತ್ತು. ಮನೆಯಾದ ಮೇಲೆ ಸಾರುವೆಯನ್ನು ಕಳಚುವಂತೆ, ಆಟವು ಮುಗಿದ ಮೇಲೆ ಅದನ್ನು ಬದಿಗಿಡುವುದು ವಾಡಿಕೆ.

೨

ವಿಲ್ ರೈಟ್ ಎಂಬಾತನು ರಚಿಸಿದ ರೇಡ್ ಆನ್ ಬಂಗ್ಲಿಂಗ್ ಬೇ ಎಂಬ ಆಟವನ್ನು ಬ್ರೋಡರ್‌ಬಂಡ್ ಸಂಸ್ಥೆಯು ೧೯೮೪ರಲ್ಲಿ ಪ್ರಕಟಿಸಿತು. ದ್ವೀಪಸಮೂಹವೊಂದರ ಮೇಲೆ ಹೆಲಿಕಾಪ್ಟರನ್ನು ಹಾರಿಸಿ, ಶತ್ರುವಿನ ಆರು ಕಾರ್ಖಾನೆಗಳನ್ನು ಬಾಂಬುಗಳಿಂದ ನಾಶಮಾಡುವುದು ಅದರ ವಸ್ತು. ದ್ವೀಪಗಳನ್ನು ಚಿತ್ರಿಸುವುದಕ್ಕಾಗಿ ರೈಟನು ಒಂದು ಎಡಿಟರನ್ನು ಸಿದ್ಧಪಡಿಸಿಕೊಂಡಿದ್ದನು. ದ್ವೀಪಗಳನ್ನು ಸುಡುವುದಕ್ಕಿಂತ ಅವನ್ನು ಕಟ್ಟುವುದೇ ತನಗೆ ಹೆಚ್ಚು ಹಿತವಾಗಿತ್ತೆಂದು ಆತನು ಮುಂದೆ ಅನೇಕ ಸಲ ಹೇಳಿದ್ದಾನೆ. ಆಟವು ಪ್ರಕಟವಾದ ಮೇಲೂ ಆತನು ಎಡಿಟರನ್ನು ಬಿಡದೆ ಬೆಳೆಸುತ್ತ ಹೋದನು.

ಇಷ್ಟರಿಂದಲೇ ಈ ರುಚಿಯನ್ನು ಮೊದಲು ಕಂಡವನು ರೈಟನೆಂದು ಹೇಳಲಾಗದು. ೧೯೮೩ರಲ್ಲಿ ಅದೇ ಬ್ರೋಡರ್‌ಬಂಡ್ ಸಂಸ್ಥೆಯು ಪ್ರಕಟಿಸಿದ ಲೋಡ್ ರನ್ನರ್ ಎಂಬ ಆಟದಲ್ಲಿ ೧೫೦ ಹಂತಗಳಿದ್ದುವು. ಅವುಗಳ ಜೊತೆಗೆ, ಆಡುವವನು ತನ್ನದೇ ಹಂತಗಳನ್ನು ರಚಿಸಿಕೊಳ್ಳುವುದಕ್ಕೆ ಎಡಿಟರನ್ನೂ ಒದಗಿಸಲಾಗಿತ್ತು. ಅದೇ ವರ್ಷ ಎಲೆಕ್ಟ್ರಾನಿಕ್ ಆರ್ಟ್ಸ್ ಸಂಸ್ಥೆಯ ಮೂಲಕ ಹೊರಬಂದ ಬಿಲ್ ಬಜ್ ಎಂಬವನ ಪಿನ್‌ಬಾಲ್ ಕನ್‌ಸ್ಟ್ರಕ್ಷನ್ ಸೆಟ್ ಇದಕ್ಕಿಂತ ಮುಂದೆ ಹೋಯಿತು. ಅದರಲ್ಲಿ ಆಡುವವನು ಪಿನ್‌ಬಾಲಿನ ಹಲಗೆಯನ್ನು ತಾನೇ ಜೋಡಿಸಬಹುದಾಗಿತ್ತು. ಅಷ್ಟೇ ಅಲ್ಲದೆ ಚೆಂಡಿನ ಮೇಲೆ ಎಳೆಯುವ ಗುರುತ್ವಾಕರ್ಷಣೆಯನ್ನೂ ಪುಟಿಯುವ ಬಲವನ್ನೂ ಹೆಚ್ಚುಕಡಿಮೆ ಮಾಡಬಹುದಾಗಿತ್ತು. ಎಂದರೆ, ವಸ್ತುಗಳ ಜೊತೆಗೆ ಆ ಲೋಕದ ನಿಯಮಗಳಲ್ಲಿಯೂ ಕೆಲವು ಆಡುವವನ ವಶಕ್ಕೆ ಬಂದಿದ್ದುವು. ಈ ಅಂಶವನ್ನು ಮುಂದಿನ ವಿಚಾರಕ್ಕಾಗಿ ನೆನಪಿನಲ್ಲಿಡತಕ್ಕದ್ದು.

೩

ಚಿತ್ರಿಸಿದ ದ್ವೀಪವು ಚಿತ್ರವಾಗಿಯೇ ಉಳಿದರೆ ಕಟ್ಟುವವನ ಕುತೂಹಲವು ಬೇಗ ತಣಿಯುತ್ತದೆ. ರೈಟನ ವೈಶಿಷ್ಟ್ಯವಿರುವುದು ತನ್ನ ಊರಿಗೆ ಚಲನೆಯನ್ನು ಕೊಟ್ಟುದರಲ್ಲಿ. ಇದಕ್ಕೆ ಆತನಿಗೆ ಎರಡು ಆಧಾರಗಳು ದೊರೆತುವು. ಮೊದಲನೆಯದು, ಮೆಸಾಚುಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯ ಜೇ ಫಾರೆಸ್ಟರ್ ೧೯೬೯ರಲ್ಲಿ ಪ್ರಕಟಿಸಿದ ಅರ್ಬನ್ ಡೈನಮಿಕ್ಸ್ ಎಂಬ ಗ್ರಂಥ. ನಗರದ ಜನ, ವಸತಿ, ಉದ್ಯೋಗಗಳು ಒಂದರಿಂದೊಂದು ಹೇಗೆ ಏರಿಳಿಯುತ್ತವೆಂಬುದನ್ನು ಇದು ಸಮೀಕರಣಗಳಲ್ಲಿ ನಿರೂಪಿಸಿತು. ಎರಡನೆಯದು, ಗಣಿತಜ್ಞ ಜಾನ್ ಕಾನ್ವೇ ಕಲ್ಪಿಸಿ, ೧೯೭೦ರಲ್ಲಿ ಬೆಳಕಿಗೆ ಬಂದ ಗೇಮ್ ಆಫ್ ಲೈಫ್. ಚೌಕಳಿಯ ಪ್ರತಿಯೊಂದು ಮನೆಯೂ ನೆರೆಮನೆಗಳ ಸ್ಥಿತಿಯನ್ನು ನೋಡಿ ಬದುಕುವ ಅಥವಾ ಅಳಿಯುವ ಈ ಪದ್ಧತಿಯಲ್ಲಿ, ಅತ್ಯಲ್ಪ ನಿಯಮಗಳಿಂದ ಊಹೆಗೂ ಮೀರಿದ ವಿನ್ಯಾಸಗಳು ಹೊಮ್ಮುತ್ತವೆ. ಫಾರೆಸ್ಟರನ ಗ್ರಂಥದಲ್ಲಿ ನಗರವು ಒಟ್ಟು ಮೊತ್ತವಾಗಿತ್ತು; ಕಾನ್ವೇಯ ಮಾರ್ಗದಿಂದ ಅದು ನಕ್ಷೆಯ ಮೇಲೆ ಹರಡಿಕೊಂಡಿತು.

ಹೀಗೆ ಸಿದ್ಧವಾದ ಕೃತಿಯು ಮೊದಲು ಬ್ರೋಡರ್‌ಬಂಡ್ ಸಂಸ್ಥೆಯವರಿಗೆ ರುಚಿಸಲಿಲ್ಲ. ಗೆಲವು ಸೋಲುಗಳ ಕಟ್ಟಿಲ್ಲದ ಆಟವನ್ನು ಯಾರು ಕೊಳ್ಳುವರೆಂಬುದು ಅವರ ಸಂದೇಹವಾಗಿತ್ತು. ರೈಟನು ಜೆಫ್ ಬ್ರಾನ್ ಎಂಬಾತನೊಡನೆ ೧೯೮೭ರಲ್ಲಿ ಮ್ಯಾಕ್ಸಿಸ್ ಸಂಸ್ಥೆಯನ್ನು ಸ್ಥಾಪಿಸಿದನು. ಎರಡು ವರ್ಷಗಳಲ್ಲಿ ಆಟವು ಹೊರಬಂದಿತು, ಅದರ ಹಂಚಿಕೆಯನ್ನು ಬ್ರೋಡರ್‌ಬಂಡ್ ಸಂಸ್ಥೆಯೇ ವಹಿಸಿಕೊಂಡಿತು.

೪

ಸಿಮ್‌ಸಿಟಿಯ ಭೂಮಿಯು ೧೨೦ಕ್ಕೆ ೧೦೦ರಂತೆ ೧೨,೦೦೦ ಚೌಕಗಳ ಹಾಸು. ಅದರಲ್ಲಿ ಆಡುವವನು ಮನೆಗಳನ್ನು ನೇರವಾಗಿ ಕಟ್ಟುವುದಿಲ್ಲ. ಇದು ವಸತಿಗೆ, ಇದು ವ್ಯಾಪಾರಕ್ಕೆ, ಇದು ಕೈಗಾರಿಕೆಗೆ ಎಂದು ನೆಲವನ್ನು ವಿಂಗಡಿಸಿ, ದಾರಿಯನ್ನೂ ವಿದ್ಯುತ್ತನ್ನೂ ಒದಗಿಸಿ, ತೆರಿಗೆಯನ್ನು ಗೊತ್ತುಮಾಡಿ ಕಾದಿರಬೇಕು. ಅನುಕೂಲವಿದ್ದರೆ ಜನರು ಬಂದು ನೆಲೆಸುತ್ತಾರೆ. ಹೊಗೆ, ಅಪರಾಧ, ತೆರಿಗೆಗಳು ಹೆಚ್ಚಿದರೆ ಬಿಟ್ಟುಹೋಗುತ್ತಾರೆ. ಬಿತ್ತಿದವನು ಬೆಳೆಗಾಗಿ ಕಾಯುವಂತೆ ಇಲ್ಲಿಯ ನಿರ್ಮಾತೃವೂ ಕಾಯುತ್ತಾನೆ. ತಾನು ಇಟ್ಟುದಕ್ಕೆ ಲೋಕವು ತನ್ನದೇ ರೀತಿಯಲ್ಲಿ ಕೊಡುವ ಉತ್ತರವೇ ಈ ಬಗೆಯ ರಚನೆಯ ಮುಖ್ಯ ಆಕರ್ಷಣೆಯೆಂದು ಹೇಳಬಹುದು.

ಆದರೆ ಆ ಉತ್ತರವನ್ನು ಯಾರು ಬರೆದಿಟ್ಟರೆಂಬ ಪ್ರಶ್ನೆಯು ಇಲ್ಲಿಯೇ ಏಳುತ್ತದೆ. ಕೆಳಗೆ ಅಂಗಡಿ, ಮೇಲೆ ಮನೆ ಇರುವ ಪೇಟೆಬೀದಿಯನ್ನು ಈ ಆಟದಲ್ಲಿ ಎಂತಹ ಕುಶಲಿಯೂ ಗೊತ್ತುಮಾಡಲಾರನು. ಒಂದು ವಿಭಾಗಕ್ಕೆ ಒಂದೇ ಉಪಯೋಗವೆಂಬುದು ಅಲ್ಲಿಯ ಶಾಸನ. ಅಗ್ಗದ ವಸತಿಯನ್ನು ಹೆಚ್ಚಿಸಿದರೆ ನಗರದ ಅವನತಿಯೇ ಹೆಚ್ಚೀತೆಂಬ ಫಾರೆಸ್ಟರನ ತೀರ್ಮಾನವು ೧೯೬೯ರಲ್ಲಿಯೇ ತೀವ್ರ ವಿವಾದಕ್ಕೆ ಗುರಿಯಾಗಿತ್ತು. ಆತನ ಸಮೀಕರಣಗಳು ಪುಸ್ತಕದಲ್ಲಿ ಅಚ್ಚಾಗಿದ್ದುದರಿಂದ ವಿದ್ವಾಂಸರು ಅವನ್ನು ಪರಿಶೀಲಿಸಿ ವಾದಿಸಬಹುದಾಗಿತ್ತು. ಆಟದ ಸಮೀಕರಣಗಳಾದರೋ ಯಂತ್ರದೊಳಗೆ ಮುಚ್ಚಿಹೋಗಿದ್ದುವು. ಆಟವು ಪಾಠಶಾಲೆಗಳನ್ನೂ ಪ್ರವೇಶಿಸಿದ ಮೇಲೆ ಈ ಸಂಗತಿಯು ಗುರುತರವಾಯಿತು. ಕಾಣದ ಊಹೆಗಳನ್ನು ಆಡುವವರು ಪ್ರಶ್ನಿಸದೆ ಒಪ್ಪಿಕೊಳ್ಳುವ ಅಪಾಯವನ್ನು ಸಮಾಜಶಾಸ್ತ್ರಜ್ಞ ಪಾಲ್ ಸ್ಟಾರ್ ೧೯೯೪ರಲ್ಲಿ ಎತ್ತಿ ತೋರಿಸಿದನು.

೫

ಈ ಅವಧಿಯಲ್ಲಿ ಎಡಿಟರುಗಳು ಬರಲಿಲ್ಲವೆಂದಲ್ಲ. ಮೂಲ ಆಟಕ್ಕೆ ಟೆರೇನ್ ಎಡಿಟರ್ ಎಂಬ ಪೂರಕ ಸಾಧನವು ಬಂದಿತು. ಅದರಿಂದ ನದಿ, ದಡ, ಕಾಡುಗಳನ್ನು ಬೇಕಾದಂತೆ ರೂಪಿಸಬಹುದಾಗಿತ್ತು. ೧೯೯೩ರ ಸಿಮ್‌ಸಿಟಿ ೨೦೦೦ಕ್ಕೆ ಮರುವರ್ಷವೇ ಅರ್ಬನ್ ರಿನ್ಯೂವಲ್ ಕಿಟ್ ದೊರೆಯಿತು. ಅದರಿಂದ ಕಟ್ಟಡಗಳ ಚಿತ್ರಗಳನ್ನೇ ಬದಲಾಯಿಸಬಹುದಾಗಿತ್ತು. ಆದರೆ ಕಾರ್ಖಾನೆಯ ಚಿತ್ರದ ಮೇಲೆ ದೇಗುಲವನ್ನು ಬರೆದರೂ ಆ ದೇಗುಲವು ಕಾರ್ಖಾನೆಯಂತೆಯೇ ಹೊಗೆಯುಗುಳುವುದು. ನೆಲವೂ ಆಕಾರವೂ ಆಡುವವನ ಪಾಲಿಗೆ ಬಂದುವು. ನಿಯಮವು ಕರ್ತೃವಿನ ಬಳಿಯೇ ಉಳಿಯಿತು. ೧೯೮೩ರಲ್ಲಿ ಬಜ್‌ನು ಗುರುತ್ವಾಕರ್ಷಣೆಯನ್ನೇ ಒಪ್ಪಿಸಿಕೊಟ್ಟಿದ್ದುದನ್ನು ನೆನೆದರೆ, ಈ ಉಪಕರಣಗಳ ಇತಿಹಾಸವು ಏಕಮುಖವಾದ ಪ್ರಗತಿಯೆಂದು ಭಾವಿಸುವುದು ತಪ್ಪಾಗುತ್ತದೆ.

ಈ ಕೊರತೆಯು ಒಂದು ಬಗೆಯಲ್ಲಿ ನೀಗಿದುದು ೨೦೦೮ರಲ್ಲಿ. ಮಕ್ಕಳಿಗೆ ಅಗ್ಗದ ಗಣಕಯಂತ್ರಗಳನ್ನು ಒದಗಿಸುವ ಯೋಜನೆಯೊಂದಕ್ಕಾಗಿ ಮೂಲ ಸಿಮ್‌ಸಿಟಿಯ ಕ್ರಮವಿಧಿಯನ್ನು ಮೈಕ್ರೊಪೊಲಿಸ್ ಎಂಬ ಹೆಸರಿನಲ್ಲಿ ಎಲ್ಲರೂ ಓದುವಂತೆ, ತಿದ್ದುವಂತೆ ಬಿಡುಗಡೆ ಮಾಡಲಾಯಿತು. ಇದು ರೈಟನು ತನ್ನ ಕೃತಿಗೆ ಮೊದಲು ಇಟ್ಟಿದ್ದ ಹೆಸರು. ಅಲ್ಲಿಂದ ಆ ನಗರದ ಶಾಸನಗಳು ಅಕ್ಷರಬಲ್ಲವರಿಗೆಲ್ಲ ಅಲ್ಲದಿದ್ದರೂ ಆ ಲಿಪಿಯನ್ನು ಬಲ್ಲವರಿಗೆ ತೆರೆದುವು.

ಮೇಲ್ಕಂಡ ಸಂಗತಿಗಳಿಂದ ಸಿದ್ಧವಾಗುವುದಿಷ್ಟು: ಸಿಮ್‌ಸಿಟಿಯ ಹುಟ್ಟಿನಲ್ಲಿ ಆಕಸ್ಮಿಕದ ಪಾಲಿದೆಯಾದರೂ ಅದಕ್ಕೆ ಬೇಕಾದ ನೆಲವು ಮೊದಲೇ ಹದವಾಗಿತ್ತು. ಕಟ್ಟುವ ಉಪಕರಣಗಳು ಜನರನ್ನು ಸೆಳೆದುದು, ಕೃತಿಯನ್ನು ರಚಿಸುವವನಿಗೂ ಅನುಭವಿಸುವವನಿಗೂ ನಡುವೆ ಇದ್ದ ಗೋಡೆಯನ್ನು ಅವು ತಗ್ಗಿಸಿದ್ದರಿಂದ. ಆ ಗೋಡೆಯು ಎಷ್ಟು ತಗ್ಗಿದೆಯೆಂಬುದನ್ನು ಅಳೆಯಬೇಕಾದರೆ, ಆಡುವವನಿಗೆ ಎಷ್ಟು ಬಗೆಯ ಮನೆ, ಮರ, ಸೇತುವೆಗಳು ದೊರೆತುವೆಂದು ಎಣಿಸಿದರೆ ಸಾಲದು; ತನ್ನ ಲೋಕವನ್ನು ಆಳುವ ನಿಯಮಗಳನ್ನು ಓದುವ, ತಿದ್ದುವ ಅಧಿಕಾರವು ಅವನಿಗೆ ಎಷ್ಟು ದೊರೆಯಿತೆಂಬುದನ್ನೂ ನೋಡಬೇಕಾಗುತ್ತದೆ.